ಟೂತ್‌ಬ್ರಷ್ ಹಿಡಿದು ಜೈಲಿಗೆ ಹೊರಟ ಮಕ್ಕಳು!

ನಂಬುತ್ತೀರಾ? ಅಮೆರಿಕದ ವರ್ಣಭೇದದ ಕೋಟೆಯೊಂದನ್ನು ಅಲುಗಾಡಿಸಿದವರು ಹೋಂವರ್ಕ್ ಮಾಡುವ ವಯಸ್ಸಿನ ಮಕ್ಕಳು! ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಶಾಲಾ ಪ್ರವಾಸ ಬರುವ ವಿದ್ಯಾರ್ಥಿಗಳು ಬೆರಗಾಗಿ ನಿಲ್ಲುವುದೇ ಇಲ್ಲಿ. ಬಸ್ ಇಳಿಯುವಾಗ ಅವರಿಗೆ ಗೊತ್ತಿರುವುದು ಪಠ್ಯಪುಸ್ತಕದ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್. ಬಸ್ ಹತ್ತುವಾಗ ತಲೆತುಂಬ ತಮ್ಮದೇ ಓರಗೆಯವರು.

1963ರ ಮೇ 2. ರೇಡಿಯೊದಲ್ಲಿ ಸಂಗೀತ ಹಾಕುವಾತ ಹೇಳುತ್ತಾನೆ: ಪಾರ್ಕಿನಲ್ಲಿ ಪಾರ್ಟಿಯಿದೆ, ಬರುವಾಗ ಟೂತ್‌ಬ್ರಷ್ ತನ್ನಿ! ಪಾರ್ಟಿಗೆ ಟೂತ್‌ಬ್ರಷ್ ಯಾಕೆ? ಜೈಲಿನಲ್ಲಿ ರಾತ್ರಿ ಕಳೆಯಬೇಕಲ್ಲ! ಗುಟ್ಟು ಗೊತ್ತಿದ್ದ ಮಕ್ಕಳು ತರಗತಿ ಬಿಟ್ಟು ಹೊರಬಿದ್ದರು. ಅಪ್ಪ ಅಮ್ಮ ಬೀದಿಗಿಳಿದರೆ ಮರುದಿನವೇ ಕೆಲಸಕ್ಕೆ ಸಂಚಕಾರ. ಮಕ್ಕಳಿಗೆ ಕಳೆದುಕೊಳ್ಳಲು ಯಾವ ನೌಕರಿಯಿತ್ತು? ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲಿನಿಂದ ಗುಂಪುಗುಂಪಾಗಿ, ಹಾಡುತ್ತ ಬಂದರು. ಪೊಲೀಸರು ಹಿಡಿದಷ್ಟೂ ಮತ್ತೊಂದು ಗುಂಪು! ಜೈಲು ತುಂಬಿ, ಜಾತ್ರೆ ಮೈದಾನದಲ್ಲೂ ಕೂಡಿಹಾಕಬೇಕಾಯಿತು. ಆಡ್ರಿ ಫೇ ಹೆಂಡ್ರಿಕ್ಸ್‌ಗೆ ಬರೀ ಒಂಬತ್ತು ವರ್ಷ. ಒಂದು ವಾರ ಬಂಧನದಲ್ಲಿದ್ದಳು.

ಮರುದಿನ ನಾಯಿಗಳು ಬಂದವು. ಅಗ್ನಿಶಾಮಕ ದಳದ ನೀರಿನ ಪೈಪುಗಳೂ.

ಚರ್ಚಿನ ಎದುರೇ ಇರುವ ಕೆಲ್ಲಿ ಇಂಗ್ರಾಮ್ ಪಾರ್ಕಿನಲ್ಲಿ ಇಂದು ಆ ನಾಯಿಗಳ ಶಿಲ್ಪಗಳಿವೆ. ದೂರ ನಿಂತು ನೋಡುವ ಹಾಗಿಲ್ಲ! ಕಾಲುದಾರಿಯ ಎರಡೂ ಬದಿ ಗೋಡೆ, ಗೋಡೆಯಿಂದ ಹಲ್ಲು ಕಿರಿದು ಮೈಮೇಲೆ ಎರಗುವ ಲೋಹದ ನಾಯಿಗಳು. ನಡುವೆ ನಡೆದೇ ದಾಟಬೇಕು. ಸೆಲ್ಫಿ ತೆಗೆಯುತ್ತ ಒಳಹೊಕ್ಕ ಹುಡುಗರೂ ಅಲ್ಲಿ ಭುಜ ಕುಗ್ಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಹತ್ತು ಪಾಠಕ್ಕೆ ಆ ಹತ್ತು ಹೆಜ್ಜೆ ಸಮ.

ಆ ಮಕ್ಕಳು ಗೆದ್ದರೇ? ಗೆದ್ದರು! ಮೇ 10ರಂದು ಒಪ್ಪಂದವಾಯಿತು: ಅಂಗಡಿಗಳ ಊಟದ ಕೌಂಟರ್, ಕುಡಿಯುವ ನೀರು, ಶೌಚಾಲಯಗಳಲ್ಲಿ ಬಿಳಿ-ಕರಿ ಭೇದ ಹೋಗಬೇಕು. ಶಿಕ್ಷಣ ಮಂಡಳಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಶಾಲೆಯಿಂದ ಹೊರಹಾಕಿತು (ಇಂಥ ಪಾಠ ಕಲಿತವರನ್ನು!), ಮೇಲ್ಮನವಿ ನ್ಯಾಯಾಲಯ ಎರಡೇ ದಿನದಲ್ಲಿ ಆ ಆದೇಶಕ್ಕೆ ತಡೆ ಹಾಕಿತು.

ಆದರೆ ದ್ವೇಷ ಸುಮ್ಮನಿರಲಿಲ್ಲ. ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ 10:22. ಅದೇ ಚರ್ಚಿನಲ್ಲಿ ಬಾಂಬ್. ನಾಲ್ವರು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್ ಮೂವರಿಗೂ 14; ಡೆನಿಸ್ ಮೆಕ್‌ನೇರ್‌ಗೆ 11. ಬಣ್ಣದ ಗಾಜಿನ ಕಿಟಕಿಯೊಂದು ಉಳಿಯಿತು. ಅದರಲ್ಲಿ ಕ್ರಿಸ್ತನ ಮುಖವಷ್ಟೇ ಹಾರಿಹೋಗಿತ್ತು. ವಯಸ್ಸು ಓದಿದ ವಿದ್ಯಾರ್ಥಿಗಳು ಪಕ್ಕದವರ ಮುಖ ನೋಡುತ್ತಾರೆ. ಪುಸ್ತಕದಲ್ಲಿ ಆ ಹೆಸರುಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ, ಇಲ್ಲಿ ಮುಗಿಯುವುದಿಲ್ಲ.

ಸೆಲ್ಮಾದ ಸೇತುವೆ, ಮಾಂಟ್ಗೊಮರಿಯ ಸ್ಮಾರಕಗಳು ಪ್ರವಾಸದ ಮುಂದಿನ ತಾಣಗಳು, ಅವನ್ನೂ ನೋಡಲೇಬೇಕು. ಆದರೆ ಅಟ್ಲಾಂಟಾದಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗುವ ಓದುಗರು ಮೊದಲು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ. ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ, ಪಾರ್ಕಿಗೆ ಟಿಕೆಟ್ ಇಲ್ಲ. ಮೊಮ್ಮಕ್ಕಳನ್ನು ಮರೆಯದೆ ಕರೆದುಕೊಂಡು ಹೋಗಿ.