ಕಾದು ನಿಂತ ಎಂಜಿನ್: ದುರಸ್ತಿಯೋ, ವಿದಾಯವೋ?

ಅಂಕೋಲೆಯಿಂದ ಹುಬ್ಬಳ್ಳಿಯತ್ತ ಹೊರಡುವ ರಾಷ್ಟ್ರೀಯ ಹೆದ್ದಾರಿ 52, ಅಂದರೆ ಹಳೆಯ 63, ಅರಬೈಲ್ ಘಟ್ಟವನ್ನೇರಿ ಯಲ್ಲಾಪುರ ಮುಟ್ಟುವಷ್ಟರಲ್ಲಿ ಕಡಲ ಮಟ್ಟದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಬಂದಿರುತ್ತದೆ. ತುಂಬಿದ ಲಾರಿಗಳ ಹಿಂದೆ ಒಂದನೇ, ಎರಡನೇ ಗಿಯರಿನಲ್ಲಿ ತೆವಳುವ ಕಾರಿನ ರೇಡಿಯೇಟರಿಗೆ ಎದುರುಗಾಳಿ ದೊರೆಯುವುದಿಲ್ಲ. ಎಂಜಿನ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಕಾರವಾರ-ಅಂಕೋಲೆ ನಡುವಿನ ನಿತ್ಯದ ಓಡಾಟದಲ್ಲಿ ವರ್ಷಗಟ್ಟಲೆ ಅಡಗಿದ್ದ ದೋಷ ಇಂತಹ ಏರಿನಲ್ಲಿ ಒಮ್ಮೆಲೇ ಹೊರಬೀಳುತ್ತದೆ. ಬಾನೆಟ್‌ನಿಂದ ಹಬೆ ಎದ್ದು ಕಾರು ನಿಂತ ಮರುದಿನ ಗ್ಯಾರೇಜಿನಲ್ಲಿ ಮಾಲೀಕನ ಮುಂದೆ ಬರುವುದು ಒಂದೇ ಪ್ರಶ್ನೆ: ಇದಕ್ಕೆ ಇನ್ನು ದುಡ್ಡು ಸುರಿಯಬೇಕೇ?

ಬಹುತೇಕರು ಮೊದಲು ಕೇಳುವುದು ಖರ್ಚೆಷ್ಟು ಎಂದು. ಆದರೆ ಮೊದಲು ತಿಳಿಯಬೇಕಾದುದು, ಮುಳ್ಳು ಕೆಂಪು ಗೆರೆ ಮುಟ್ಟಿದ ಬಳಿಕ ಎಂಜಿನ್ ಎಷ್ಟು ಹೊತ್ತು ಓಡಿತು ಎಂಬುದು. ಕೂಡಲೇ ನಿಲ್ಲಿಸಿದ ಕಾರಿನಲ್ಲಿ ಹಾನಿ ಒಂದು ಪೈಪಿಗೋ, ಹೆಚ್ಚೆಂದರೆ ಹೆಡ್ ಗ್ಯಾಸ್ಕೆಟ್‌ಗೋ ಸೀಮಿತವಾಗಿರುವ ಸಾಧ್ಯತೆ ಹೆಚ್ಚು. 'ಇನ್ನೇನು ಊರು ಬಂತು' ಎಂದು ನೀರಿಲ್ಲದೆ ಓಡಿಸಿದ ಕಾರಿನ ಕಥೆ ಬೇರೆ. ಇಲ್ಲಿ ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಕೂಲೆಂಟ್ ಸಂಪೂರ್ಣ ಸೋರಿಹೋದಾಗ ಶಾಖ ಅಳೆಯುವ ಸೆನ್ಸರ್ ಬರಿಯ ಗಾಳಿಯಲ್ಲಿ ಉಳಿದು, ಎಂಜಿನ್ ಬೇಯುತ್ತಿರುವಾಗಲೇ ಮುಳ್ಳು ಕೆಳಗಿಳಿಯುವುದುಂಟು. ಆದ್ದರಿಂದ ಆ ದಿನ ಚಾಲಕನಾಗಿದ್ದವರು ನಡೆದುದನ್ನು ಮೆಕ್ಯಾನಿಕ್‌ಗೆ ಮುಚ್ಚುಮರೆಯಿಲ್ಲದೆ ಹೇಳುವುದು ಯಾವ ಪರೀಕ್ಷೆಗಿಂತಲೂ ಕಡಿಮೆಯದಲ್ಲ.

ಇಂದಿನ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಕೆಳಗಿನ ಬ್ಲಾಕ್ ಕೆಲವದರಲ್ಲಿ ಎರಕದ ಕಬ್ಬಿಣದ್ದು, ಕೆಲವದರಲ್ಲಿ ಅದೂ ಅಲ್ಯೂಮಿನಿಯಂ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಹಿಡಿದ ಹೆಡ್‌ಗೆ ಹಿಗ್ಗಲು ಎಡೆಯಿಲ್ಲದೆ ಅದು ಬಾಗುತ್ತದೆ, ನಡುವಿನ ಗ್ಯಾಸ್ಕೆಟ್ ಜಜ್ಜಿಹೋಗುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಸಹಿಸಬಹುದಾದ ಬಾಗು 0.05 ಮಿಲಿಮೀಟರ್ ಮಾತ್ರ, ಅಂದರೆ ನಾವು ಬರೆಯುವ ಕಾಗದದ ಅರ್ಧ ದಪ್ಪ. ಕಣ್ಣಳತೆಯಲ್ಲಿ ಇದು ಕಾಣುವುದಿಲ್ಲ.

ಎಂಜಿನ್ ಬಿಚ್ಚುವ ಮೊದಲೇ ಕೆಲವು ಸಂಗತಿಗಳನ್ನು ಅರಿಯಬಹುದು. ಆಯಿಲ್ ನೋಡುವ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹದ ಬಣ್ಣ ಕಂಡರೆ ನೀರು ಆಯಿಲಿಗೆ ಸೇರಿದೆ ಎಂದರ್ಥ. ಅಂತಹ ಎಂಜಿನನ್ನು ಮತ್ತೆ ಚಾಲೂ ಮಾಡಿದರೆ ಉಳಿದಿದ್ದ ಬೇರಿಂಗುಗಳೂ ಹಾಳಾಗುತ್ತವೆ. ಆಯಿಲ್ ಶುದ್ಧವಿದ್ದರೆ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಬೇಕು. ಪೆಟ್ರೋಲ್ ಕಾರಿನಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹರಿದಿರುವುದು ಬಹುತೇಕ ಖಚಿತ. ಕುಸಿದ ಸಿಲಿಂಡರಿಗೆ ಒಂದು ಚಮಚೆ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸೋತಿವೆ. ಹಾನಿ ಮೇಲಿನ ಹೆಡ್‌ನದೇ, ಕೆಳಗಿನ ಬ್ಲಾಕ್‌ನದೇ ಎಂಬುದೇ ಖರ್ಚಿನ ಕವಲುದಾರಿ. ಹೆಡ್ ಮಾತ್ರ ಬಾಗಿದ್ದರೆ ಲೇತ್‌ನವರಲ್ಲಿ ಫೇಸಿಂಗ್ ಮಾಡಿಸಿ, ಬಿರುಕಿನ ಪರೀಕ್ಷೆ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿದರೆ ಕಾರು ಇನ್ನೂ ವರ್ಷಗಳ ಕಾಲ ಓಡೀತು. ಬೋರ್ ಗೀರಿ, ಪಿಸ್ಟನ್ ಕಚ್ಚಿಕೊಂಡಿದ್ದರೆ ಅದು ಪೂರ್ಣ ಎಂಜಿನ್ ಕೆಲಸವೇ.

ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಒಂದು ತಪ್ಪಾಗುತ್ತದೆ. ದುರಸ್ತಿಯ ಖರ್ಚನ್ನು ಕಾರಿನ ಪೂರ್ತಿ ಬೆಲೆಯೊಂದಿಗೆ ಹೋಲಿಸುವುದು ಸರಿಯಲ್ಲ. ಉದಾಹರಣೆಗೆ, ಓಡುವ ಸ್ಥಿತಿಯಲ್ಲಿ 1,80,000 ರೂಪಾಯಿ ಬಾಳುವ ಕಾರು ಕೆಟ್ಟುನಿಂತ ಸ್ಥಿತಿಯಲ್ಲಿ 60,000ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ದುರಸ್ತಿಯಿಂದ ಮರಳಿ ದೊರೆಯುವ ಮೌಲ್ಯ 1,20,000 ಮಾತ್ರ. ಅಂದಾಜು 45,000 ಎಂದಾದರೆ ಮುಂದುವರಿಯಬಹುದು. 1,10,000 ಎಂದಾದರೆ ಕೈತೊಳೆದುಕೊಳ್ಳುವುದೇ ಲೇಸು, ಏಕೆಂದರೆ ಬಿಚ್ಚಿದ ಮೇಲೆ ಅಂದಾಜು ಏರುವುದೇ ಹೊರತು ಇಳಿಯುವುದು ಅಪರೂಪ. ಕಾರಿಗೆ 15 ವರ್ಷ ಸಮೀಪಿಸಿದ್ದರೆ ನೋಂದಣಿ ನವೀಕರಣದ ಖರ್ಚನ್ನೂ ಇದಕ್ಕೆ ಸೇರಿಸಬೇಕು.

ರೂಪಾಯಿಗೆ ಸಿಗದ ಒಂದು ಬಾಬತ್ತೂ ಉಂಟು. ಗಂಭೀರ ಕಾಯಿಲೆಯಾದರೆ ಇಲ್ಲಿನವರು ಹುಬ್ಬಳ್ಳಿಗೋ, ಮಂಗಳೂರಿಗೋ, ಗೋವಾಕ್ಕೋ ಓಡಬೇಕು. ಮನೆಯ ಕಾರು ನಡುರಾತ್ರಿ ಘಟ್ಟ ಹತ್ತೀತೇ ಎಂಬ ಅನುಮಾನ ಉಳಿಯುವುದಾದರೆ, ಅರೆಬರೆ ದುರಸ್ತಿ ಎಷ್ಟು ಅಗ್ಗವಾದರೂ ದುಬಾರಿಯೇ.

ಕಾದದ್ದೇಕೆ ಎಂದು ಪತ್ತೆ ಹಚ್ಚದೆ ಹೆಡ್ ಕೂರಿಸಿದರೆ ಮುಂದಿನ ಏರಿನಲ್ಲಿ ಮತ್ತದೇ ಕಥೆ. ಥರ್ಮೋಸ್ಟಾಟ್, ಫ್ಯಾನ್, ವಾಟರ್ ಪಂಪ್, ರೇಡಿಯೇಟರಿನ ಮುಚ್ಚಳ, ಇವೆಲ್ಲವನ್ನೂ ನೋಡಲೇಬೇಕು. ಕರಾವಳಿಗೆ ವಿಶೇಷವಾದ ಕಾರಣಗಳೂ ಇವೆ. ಉಪ್ಪು ಗಾಳಿ ರೇಡಿಯೇಟರಿನ ತೆಳು ರೆಕ್ಕೆಗಳನ್ನು ಹೊರಗಿನಿಂದ ತಿನ್ನುತ್ತದೆ. ಕೂಲೆಂಟ್ ಬದಲು ಬಾವಿಯ ನೀರು ತುಂಬಿಸುವ ರೂಢಿ ಒಳಗಿನಿಂದ ತಿನ್ನುತ್ತದೆ. ಕಡಲಂಚಿನ ಬಾವಿಯ ನೀರಿನಲ್ಲಿ ಉಪ್ಪಿನಂಶವಿದ್ದರಂತೂ ಅಲ್ಯೂಮಿನಿಯಂ ಬೇಗನೆ ಸವೆಯುತ್ತದೆ. ದಾರಿಯಲ್ಲಿ ಅನಿವಾರ್ಯಕ್ಕೆ ಹಾಕಿದ ನೀರನ್ನು ಊರು ಸೇರಿದೊಡನೆ ತೆಗೆಸಿ ಕೂಲೆಂಟ್ ತುಂಬಿಸುವುದು ಒಳಿತು.

ವಿಮೆಯ ಮೇಲೆ ಹೆಚ್ಚಿನ ಭರವಸೆ ಬೇಡ. ಸಾಮಾನ್ಯ ಸಮಗ್ರ ಪಾಲಿಸಿ ಯಾಂತ್ರಿಕ ವೈಫಲ್ಯವನ್ನು ಭರಿಸುವುದಿಲ್ಲ. ಕಲ್ಲು ಬಡಿದು ರೇಡಿಯೇಟರ್ ಒಡೆದರೆ ಅದು ಅಪಘಾತದ ಹಾನಿ; ಹಾಗೆಯೇ ಓಡಿಸಿ ಎಂಜಿನ್ ಕೆಡಿಸಿಕೊಂಡರೆ ಆ ಹೆಚ್ಚುವರಿ ಹಾನಿ ಮಾಲೀಕನದೇ. ಗುಜರಿಯಿಂದ ಬೇರೊಂದು ಎಂಜಿನ್ ತಂದು ಕೂರಿಸುವ ಸಲಹೆಯೂ ಬರಬಹುದು. ಖರ್ಚು ಕಡಿಮೆಯೇನೋ ಹೌದು, ಆದರೆ ಎಂಜಿನ್ ಸಂಖ್ಯೆ ಬದಲಾಗುತ್ತದೆ. ಆ ಎಂಜಿನಿನ ಮೂಲ ದಾಖಲೆ ಪಡೆದು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸದಿದ್ದರೆ, ಮುಂದೆ ಕಾರು ಮಾರುವಾಗಲೂ ವಿಮೆ ಕೇಳುವಾಗಲೂ ತೊಡಕು ತಪ್ಪದು.