ಪೈಥಾನ್ ಒಂದರಿಂದಲೇ ಜಾಲ ತಂತ್ರಾಂಶ: ಸಣ್ಣ ಉದ್ದಿಮೆಗೆ ಎಷ್ಟು ಅನುಕೂಲ?

ದಾಸ್ತಾನು, ಬೇಡಿಕೆ, ಬರಬೇಕಾದ ಬಾಕಿ ಇವುಗಳ ವಿವರ ಅಂಗಡಿ, ಗೋದಾಮು, ಕಾರ್ಖಾನೆ ಮೂರರಲ್ಲಿಯೂ ಏಕಕಾಲಕ್ಕೆ ಕಾಣುವಂತಿರಬೇಕೆಂಬುದು ಸಣ್ಣ ಉದ್ದಿಮೆದಾರರ ಬಹುದಿನದ ಅಪೇಕ್ಷೆ. ಅದಕ್ಕೆ ಜಾಲ ತಂತ್ರಾಂಶ ಬೇಕು. ವಾಡಿಕೆಯ ಕ್ರಮದಲ್ಲಿ ಪರದೆಗೆ ಎಚ್‌ಟಿಎಂಎಲ್, ಸಿಎಸ್‌ಎಸ್ ಹಾಗೂ ಜಾವಾಸ್ಕ್ರಿಪ್ಟ್, ಸರ್ವರಿಗೆ ಮತ್ತೊಂದು ಭಾಷೆ, ದತ್ತಾಂಶಕ್ಕೆ ಎಸ್‌ಕ್ಯೂಎಲ್ ಕಲಿಯಬೇಕಾಗುತ್ತದೆ. ಲೆಕ್ಕ ವಿಭಾಗದ ನೌಕರನೊಬ್ಬ ಇಷ್ಟನ್ನೂ ಅಭ್ಯಸಿಸುವುದು ಕಷ್ಟ. ಪೈಥಾನ್ ಒಂದನ್ನೇ ಕಲಿತು ಕೆಲಸ ಪೂರೈಸುವ ಮಾರ್ಗ ಈ ಕಾರಣದಿಂದಲೇ ಗಮನಾರ್ಹ.

ಗೈಡೊ ವಾನ್ ರೋಸಮ್ ಅವರು 1991ರಲ್ಲಿ ಹೊರತಂದ ಈ ಭಾಷೆಗೆ ಪರವಾನಗಿ ಶುಲ್ಕವಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕಾಲಯದಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕರಿಗೆ ದೊರೆತ ಜ್ಯಾಂಗೊ, ಕಲಿಕೆಗೆ ಭದ್ರವಾದ ಆಧಾರ. ಸರಕಿನ ಹೆಸರು, ದರ, ಪ್ರಮಾಣಗಳನ್ನು ಪೈಥಾನಿನಲ್ಲಿ ವಿವರಿಸಿದರೆ ಕೋಷ್ಟಕಗಳೂ, ನಮೂದಿಸಿ ತಿದ್ದುವ ಪರದೆಗಳೂ ಬಹುಪಾಲು ಸಿದ್ಧವಾಗಿ ದೊರೆಯುತ್ತವೆ. ಕಚೇರಿಯ ಒಳಬಳಕೆಗೆ ಇದೇ ಸಾಕೆನಿಸುವುದುಂಟು. ಸ್ಟ್ರೀಮ್‌ಲಿಟ್ ಮಾರಾಟದ ನಕ್ಷೆಗಳನ್ನು ಕೆಲವೇ ಸಾಲುಗಳಲ್ಲಿ ತೋರಿಸುತ್ತದೆ; ರಿಫ್ಲೆಕ್ಸ್ ಪೈಥಾನಿನಲ್ಲಿ ಬರೆದ ಪರದೆಯನ್ನು ಜಾವಾಸ್ಕ್ರಿಪ್ಟಿಗೆ ತಾನೇ ಪರಿವರ್ತಿಸುತ್ತದೆ.

ಎಂದರೆ, ಜಾವಾಸ್ಕ್ರಿಪ್ಟ್ ಇಲ್ಲವಾಗುವುದಿಲ್ಲ, ತೆರೆಮರೆಗೆ ಸರಿಯುತ್ತದೆ ಅಷ್ಟೆ. ಸ್ಟ್ರೀಮ್‌ಲಿಟ್‌ನಲ್ಲಿ ಗುಂಡಿಯೊಂದನ್ನು ಒತ್ತಿದರೆ ಸಾಮಾನ್ಯವಾಗಿ ಇಡೀ ಕ್ರಮವಿಧಿ ಸರ್ವರಿನಲ್ಲಿ ಮೊದಲಿನಿಂದ ಮತ್ತೆ ನಡೆಯುತ್ತದೆ. ಸಂಪರ್ಕ ಮಂದವಾಗಿರುವ ಗೋದಾಮಿನಲ್ಲಿ ಇದು ನೌಕರರ ತಾಳ್ಮೆಗೆಡಿಸುವುದು ಖಂಡಿತ.

ವರ್ತಕರು ಹೆಚ್ಚು ಎಚ್ಚರ ವಹಿಸಬೇಕಾದುದು ಹಣದ ಲೆಕ್ಕದಲ್ಲಿ. ಪೈಥಾನಿನ ಸಾಮಾನ್ಯ ದಶಾಂಶ ಸಂಖ್ಯೆಗಳು ಗಣಕಯಂತ್ರದೊಳಗೆ ದ್ವಿಮಾನ ರೂಪದಲ್ಲಿರುವುದರಿಂದ ಹಲವು ಭಿನ್ನರಾಶಿಗಳು ನಿಖರವಾಗಿ ಉಳಿಯುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. 2.675ನ್ನು ಎರಡು ಸ್ಥಾನಗಳಿಗೆ ಇಳಿಸಿದರೆ 2.68ರ ಬದಲು 2.67 ದೊರೆಯುತ್ತದೆ. ಒಂದು ಪೈಸೆಯ ವ್ಯತ್ಯಾಸವೇ ಆದರೂ, ಸಾವಿರಾರು ಬಿಲ್ಲುಗಳ ಜಿಎಸ್‌ಟಿ ಮೊತ್ತ ಖಾತೆಯೊಡನೆ ತಾಳೆಯಾಗದಿದ್ದಾಗ ಅದನ್ನು ಹುಡುಕುವವನ ಪಾಡು ಲೆಕ್ಕಿಗರಿಗೇ ಗೊತ್ತು. ಇದಕ್ಕೆಂದೇ ಪೈಥಾನಿನಲ್ಲಿ ಡೆಸಿಮಲ್ ಎಂಬ ಪ್ರತ್ಯೇಕ ಸಂಖ್ಯಾವಿಧವಿದೆ. ಹಣದ ಕಲಂಗಳೆಲ್ಲವನ್ನೂ ಅದರಲ್ಲಿಯೇ ಇರಿಸಿ, ಪೈಸೆ ಹೊಂದಿಸುವ ನಿಯಮವನ್ನು ಮೊದಲೇ ಸ್ಪಷ್ಟಪಡಿಸತಕ್ಕದ್ದು.

ಕಲಿಯುವವರು ಬಿಲ್ಲಿಗೆ ಕೈಹಾಕದೆ ದಾಸ್ತಾನಿನ ಒಂದೇ ಕೋಷ್ಟಕದಿಂದ ತೊಡಗುವುದು ಲೇಸು. ಮೂಲ ಸಂಕೇತ, ಗುಪ್ತಪದ ಹಾಗೂ ದತ್ತಾಂಶದ ಪ್ರತಿ ಮಾಲೀಕರ ವಶದಲ್ಲಿರಲಿ. ಕಲಿತ ನೌಕರ ಕೆಲಸ ಬಿಟ್ಟ ದಿನ ಅದರ ಬೆಲೆ ತಿಳಿಯುತ್ತದೆ. ಮೊದಲ ಮೂರು ತಿಂಗಳು ಹಳೆಯ ಖಾತೆಪುಸ್ತಕವನ್ನು ನಿಲ್ಲಿಸದೆ, ತಿಂಗಳ ಕೊನೆಗೆ ಎರಡರ ಮೊತ್ತಗಳನ್ನೂ ಹೋಲಿಸಿ ನೋಡಬೇಕು.