ನಾಯಿಗೆ ಚೆಲ್ಲಾಟ, ಕಾಡಿಗೆ ಪ್ರಾಣಸಂಕಟ

ಸಂಜೆ ನಾಲ್ಕೂವರೆಯ ಕಾಫಿ ಮುಗಿಸಿ, ರಾತ್ರಿಯ ಹುಳಿಗೆ ತರಕಾರಿ ಹೆಚ್ಚಿಟ್ಟು, ನಾಯಿಯನ್ನು ಕರೆದುಕೊಂಡು ಒಂದು ಸುತ್ತು ಅಡ್ಡಾಡಿ ಬರುವ ಸುಖ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ದಿನವಿಡೀ ಮನೆಯೊಳಗೇ ಸುತ್ತಿದ ಕಾಲಿಗೆ ಅದೊಂದು ಬಿಡುಗಡೆ. ನಾಯಿಗಂತೂ ಕೇಳುವುದೇ ಬೇಡ. ನೀವು ಚಪ್ಪಲಿ ಮೆಟ್ಟುವ ಸದ್ದಿಗೇ ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಿರುತ್ತದೆ. ಮನೆಗಳ ಸಾಲು ಮುಗಿದು ಬಯಲೋ, ಕೆರೆ ಏರಿಯೋ, ತೋಟದ ದಾರಿಯೋ ಸಿಕ್ಕ ಕೂಡಲೇ, "ಪಾಪ, ಬೆಳಗಿನಿಂದ ಕಟ್ಟಿಹಾಕಿತ್ತು, ಸ್ವಲ್ಪ ಓಡಾಡಲಿ" ಎಂದು ಸರಪಳಿ ಬಿಚ್ಚುತ್ತೀರಿ. ಬಿಚ್ಚುತ್ತೀರಿ ತಾನೆ? ನಾನೂ ಬಿಚ್ಚುತ್ತಿದ್ದೆ. ಆ ವಿಷಯವನ್ನೇ ಇವತ್ತು ನಿಮ್ಮೊಡನೆ ಮಾತಾಡಬೇಕೆಂದು ಕೂತಿದ್ದೇನೆ.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟದ ಮನೆ. ಹಿತ್ತಲು ದಾಟಿದರೆ ತೋಟ, ತೋಟ ದಾಟಿದರೆ ಹಳ್ಳ, ಹಳ್ಳದಾಚೆ ಕಾಡು. ನಮ್ಮ ಜಿಮ್ಮಿಯ ಜಾತಿ ಯಾವುದೆಂದು ಕೇಳಬೇಡಿ, ಅಪ್ಪಟ ಊರುನಾಯಿ. ಮಕ್ಕಳು ಬಾಲ ಎಳೆದರೂ ಗುರ್ ಎನ್ನದ ಸಾಧು. ಆದರೆ ಸಂಜೆಯ ಸುತ್ತಾಟದಲ್ಲಿ ಕಾಡುಕೋಳಿ ಕಂಡರೆ ಅಟ್ಟುತ್ತಿತ್ತು, ಮೊಲ ಎದ್ದರೆ ಬಾಣದ ಹಾಗೆ ಹಾರುತ್ತಿತ್ತು. ಹತ್ತು ನಿಮಿಷ ಬಿಟ್ಟು ನಾಲಿಗೆ ಚಾಚಿಕೊಂಡು ಬರಿಬಾಯಲ್ಲಿ ವಾಪಸು ಬರುತ್ತಿತ್ತು. ನಾವು ನಗುತ್ತಿದ್ದೆವು. "ಹೊಟ್ಟೆ ತುಂಬ ಹಾಕಿರ್ತೀವಿ, ಅದೇನು ಕೊಲ್ಲೋಕಲ್ಲ, ಆಟಕ್ಕೆ ಓಡ್ಸೋದು" ಎಂದು ಬಂದ ನೆಂಟರ ಮುಂದೆ ನಾನೇ ಹೇಳಿದ್ದುಂಟು. ತೋಟದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ ಅಜ್ಜ ಒಬ್ಬರು ಮಾತ್ರ, "ಅಮ್ಮಾ, ಹಳ್ಳದ ಹತ್ರ ನಾಯಿ ಬಿಡ್ಬೇಡಿ" ಎಂದು ಎರಡು ಸಲ ಹೇಳಿದ್ದರು. ನಾನು ಕೇಳಲಿಲ್ಲ.

ಗಾಯವೇ ಇಲ್ಲದ ಸಾವು

ಎರಡು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದಿತ್ತು. ಮಗಳೂ ಜೊತೆಗಿದ್ದಳು, ಆಗ ಅವಳಿಗೆ ಎಂಟು ವರ್ಷ. ಹಳ್ಳದ ಹತ್ತಿರ ಜಿಮ್ಮಿ ಮೂಗು ನೆಲಕ್ಕಿಟ್ಟಿದ್ದು ಕಂಡೆ, ಮರುಕ್ಷಣ ಅದು ಕಾಣೆ. ಕೂಗಿದೆ, ಬರಲಿಲ್ಲ. ದೂರದಲ್ಲಿ ಎರಡು ಬೊಗಳು ಕೇಳಿಸಿದವು. ಒಂದು ನಮ್ಮದು, ಇನ್ನೊಂದು ಪಕ್ಕದ ತೋಟದ ನಾಯಿಯದಿರಬೇಕು ಎಂದುಕೊಂಡೆ. ಅದು ನಾಯಿಯಲ್ಲ, ಕಾಡುಕುರಿ. ಗಾಬರಿಯಾದರೆ ನಾಯಿಯ ಹಾಗೇ ಬೊಗಳುವ ಪುಟ್ಟ ಜಿಂಕೆ ಅದು.

ನಾವು ಹೋಗಿ ನೋಡುವಾಗ ಅದು ಬೇಲಿಯ ಮೂಲೆಯಲ್ಲಿ ಸಿಕ್ಕಿಕೊಂಡು ನಿಂತಿತ್ತು. ಜಿಮ್ಮಿ ಸುತ್ತ ಕುಣಿಯುತ್ತ ಬೊಗಳುತ್ತಿತ್ತೇ ಹೊರತು ಬಾಯಿ ಹಾಕಿರಲಿಲ್ಲ. ಅಜ್ಜ ಓಡಿಬಂದು ನಾಯಿಯನ್ನು ಹಿಡಿದರು. ಮೈಮೇಲೆ ಒಂದು ಗೀರೂ ಇಲ್ಲ. "ಅಮ್ಮ, ಏನೂ ಆಗಿಲ್ಲ!" ಎಂದು ಮಗಳು ಚಪ್ಪಾಳೆ ತಟ್ಟಿದಳು. ಆದರೆ ಬೇಲಿ ಬಿಡಿಸಿದರೂ ಅದು ಓಡಲಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತ ಕುಸಿದು ಮಲಗಿತು. ನಾವೆಲ್ಲ ಸುತ್ತ ನಿಂತು ಮೈ ಸವರಿದೆವು, ಬಾಯಿಗೆ ನೀರು ಬಿಟ್ಟೆವು. ಅರಣ್ಯ ಇಲಾಖೆಗೆ ಫೋನು ಹೋಯಿತು. ಅವರು ಬರುವ ಮೊದಲೇ, ದೀಪ ಹಚ್ಚುವ ಹೊತ್ತಿಗೆ, ಅದು ಸತ್ತುಹೋಯಿತು. ಹೆಣ್ಣು. ಕೆಚ್ಚಲಲ್ಲಿ ಹಾಲಿತ್ತು.

ಕಾಡುಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ತಾಯಿ ಮೇಯಲು ಹೋದಾಗ ಆ ಮರಿ ಪೊದೆಯಲ್ಲಿ ಅಲ್ಲಾಡದೆ ಮಲಗಿ ಕಾಯುತ್ತದೆ. ಮರುದಿನ ನಮ್ಮ ಯಜಮಾನರೂ ಅಜ್ಜನೂ ಬೆಳಗಿನಿಂದ ಮಧ್ಯಾಹ್ನದವರೆಗೆ ಹಳ್ಳದ ಎರಡೂ ದಡ ಹುಡುಕಿದರು. ಸಿಕ್ಕಲಿಲ್ಲ. "ಮರಿ ಏನಾಯ್ತಮ್ಮಾ?" ಎಂದು ಮಗಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಗಾಯವಿಲ್ಲದೆ ಸತ್ತದ್ದು ಹೇಗೆ? ಪಶುವೈದ್ಯರು ವಿವರಿಸಿದರು. ವಿಪರೀತ ಭಯದಲ್ಲಿ ಶಕ್ತಿ ಮೀರಿ ಓಡಿದ ಪ್ರಾಣಿಯ ಮಾಂಸಖಂಡಗಳು ಒಳಗೇ ಹಾಳಾಗತೊಡಗುತ್ತವೆ, ರಕ್ತದಲ್ಲಿ ಆಮ್ಲ ಏರುತ್ತದೆ, ಹೃದಯವೋ ಮೂತ್ರಪಿಂಡವೋ ಕೈಕೊಡುತ್ತದೆ. ಇದಕ್ಕೆ 'ಕ್ಯಾಪ್ಚರ್ ಮಯೋಪಥಿ' ಎಂದು ಹೆಸರು. ಜಿಂಕೆಯ ಜಾತಿಗಳಲ್ಲಿ ಇದು ಹೆಚ್ಚು. ಕೆಲವು ಕೂಡಲೇ ಸಾಯುತ್ತವೆ, ಕೆಲವು ಚೆನ್ನಾಗಿಯೇ ಓಡಿಹೋಗಿ ಕೆಲವು ದಿನಗಳ ಮೇಲೆ ಎಲ್ಲೋ ಪೊದೆಯಲ್ಲಿ ಸಾಯುತ್ತವೆ. ಅಂದರೆ, ಜಿಮ್ಮಿ ಬರಿಬಾಯಲ್ಲಿ ವಾಪಸು ಬಂದ ದಿನಗಳಲ್ಲೂ ಏನೂ ಆಗಿರಲಿಲ್ಲ ಎಂದು ನಾನು ಹೇಗೆ ಹೇಳಲಿ?

ಹೊಟ್ಟೆ ತುಂಬಿದ್ದರೂ ಏಕೆ?

ನಾಯಿ ಹಸಿವಿಗೆ ಅಟ್ಟುವುದಲ್ಲ. ಮೂಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಇವೆಲ್ಲ ತೋಳ ಪೂರ್ವಜರಿಂದ ಬಂದ ಬಳುವಳಿ. ಅಟ್ಟುವುದರಲ್ಲೇ ಅದಕ್ಕೆ ಸುಖವಿದೆ. ಒಂದು ಸಲ ರುಚಿ ಹತ್ತಿತೆಂದರೆ ಪ್ರತಿ ಓಟವೂ ಮುಂದಿನ ಓಟಕ್ಕೆ ಪಾಠ. ಇನ್ನೆರಡು ಮುದ್ದೆ ಹೆಚ್ಚು ಹಾಕಿದ ಮಾತ್ರಕ್ಕೆ ಈ ಚಪಲ ಹೋಗದು.

ಮನುಷ್ಯರೂ ಈ ಗುಣವನ್ನು ಬೇಕೆಂದೇ ಬೆಳೆಸಿದ್ದಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಲೆಂದೇ ಬೆಳೆದ ತಳಿ. ಪೇಟೆಯ ಮನೆಗಳಲ್ಲಿ ಮುದ್ದಾಗಿ ಕಾಣುವ ಬೀಗಲ್, ಇಂಗ್ಲೆಂಡಿನಲ್ಲಿ ಮೊಲದ ವಾಸನೆ ಹಿಡಿಯಲು ಸಾಕಿದ್ದು. ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಜರ್ಮನಿಯಲ್ಲಿ ಬಿಲದೊಳಕ್ಕೆ ನುಗ್ಗಲು ಸಾಕಿದ್ದು. "ನಮ್ಮದು ಸೋಫಾ ಮೇಲೆ ಮಲಗೋ ನಾಯಿ ಕಣ್ರೀ" ಎನ್ನುವವರು ಇದನ್ನು ಮರೆಯಬಾರದು. ಕಾಡಂಚು ಎಂದರೆ ಮಲೆನಾಡು ಮಾತ್ರವೂ ಅಲ್ಲ. ನಿಮ್ಮ ಬಡಾವಣೆಯ ಪಕ್ಕದ ಕೆರೆ, ಹುಲ್ಲುಬಯಲು, ಖಾಲಿ ಸೈಟುಗಳಲ್ಲೂ ಮುಂಗುಸಿ, ಉಡ, ಮೊಲ, ನವಿಲು ಇರಬಹುದು. ಟಿಟ್ಟಿಭ, ನವಿಲು, ಕಾಡುಕೋಳಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ತಾಯಿಹಕ್ಕಿ ನಾಯಿಗೆ ಹೆದರಿ ಎದ್ದುಹೋದರೆ ಮೊಟ್ಟೆ ಬಿಸಿಲಿಗೋ ಕಾಗೆಗೋ ಈಡು.

ಅಪಾಯ ನಾಯಿಗೂ ಉಂಟು

ಕಾಡುಹಂದಿಯ ಕೋರೆ ನಾಯಿಯ ಹೊಟ್ಟೆಯನ್ನು ಸೀಳಿಬಿಡುತ್ತದೆ. ಮುಳ್ಳುಹಂದಿಯ ಮುಳ್ಳು ಮುಖಕ್ಕೆ ನೆಟ್ಟರೆ ಪಶುವೈದ್ಯರೇ ಕೀಳಬೇಕು. ಗಂಡು ಕಾಡುಕುರಿಗೂ ಕೋರೆಹಲ್ಲಿದೆ. ಹಂದಿಗೆಂದು ಯಾರೋ ಕಟ್ಟಿದ ಉರುಳು, ಪೊದೆಯ ನಾಗರಹಾವು, ಮುಸ್ಸಂಜೆಯ ಚಿರತೆ, ಇವನ್ನೆಲ್ಲ ಬೇರೆ ಹೇಳಬೇಕೇ? ನಾಯಿ ಚಿರತೆಯ ಮೆಚ್ಚಿನ ಆಹಾರ.

ರೋಗದ ದಾರಿಯಂತೂ ಎರಡೂ ಕಡೆಗೆ ತೆರೆದಿದೆ. ಮುಂಗುಸಿ, ನರಿಗಳಿಂದ ನಾಯಿಗೆ ರೇಬೀಸ್ ಬರಬಹುದು. ನಾಯಿಗಳ ಡಿಸ್ಟೆಂಪರ್ ರೋಗ ಕಾಡಿಗೂ ದಾಟಬಲ್ಲದು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಂಹಗಳು ಇದೇ ರೋಗಕ್ಕೆ ಬಲಿಯಾದವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಈ ರೋಗಾಣು ತಗುಲಿದ್ದು ಪರೀಕ್ಷೆಯಲ್ಲಿ ಕಂಡಿತು.

ಮಲೆನಾಡಿನ ಸೋದರಿಯರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಹರಡುವುದು ಉಣ್ಣಿಗಳಿಂದ, ನಮ್ಮ ಕಡೆ ಉಣುಗು ಅನ್ನುತ್ತೇವಲ್ಲ, ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಕಾಡೆಲ್ಲ ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗು ನೇರವಾಗಿ ಮನೆಯೊಳಗೆ, ಮಕ್ಕಳ ಹಾಸಿಗೆಯ ಹತ್ತಿರಕ್ಕೆ ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ವಿಶೇಷ ಎಚ್ಚರ ಬೇಕು. ಕಿವಿ, ಕುತ್ತಿಗೆ, ಬೆರಳ ಸಂದು, ಬಾಲದ ಬುಡ ದಿನಾ ನೋಡಿ. ಉಣುಗನ್ನು ಚಿಮುಟದಿಂದ ಕೀಳಿ, ಉಗುರಿನಲ್ಲಿ ಹೊಸಕಬೇಡಿ.

ಕಾನೂನೂ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಗಾಯಗೊಳಿಸುವುದು, ನಾಯಿ ಬಿಟ್ಟು ಅಟ್ಟಿಸುವುದು ಕೂಡ ಬೇಟೆಯೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಪ್ರವಾಸ ಹೊರಟಾಗ ನಾಯಿಯನ್ನು ಮನೆಯಲ್ಲೇ ಬಿಡಿ.

ಹಾಗಾದರೆ ಏನು ಮಾಡೋಣ?

ನಾಯಿಯನ್ನು ಹಗಲಿರುಳು ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ. ಅದೂ ಹಿಂಸೆಯೇ. ನಮ್ಮ ಮನೆಯಲ್ಲಿ ಫಲ ಕೊಟ್ಟ ಕ್ರಮ ಇಲ್ಲಿದೆ:

1. ಸುಮಾರು 10 ಮೀಟರಿನ ಗಟ್ಟಿ ನೂಲಿನ ಹಗ್ಗ ತನ್ನಿ. ಅದನ್ನು ಕೊರಳಿಗಲ್ಲ, ಎದೆಪಟ್ಟಿಗೆ ಕಟ್ಟಿ. ಓಡಿದಾಗ ಜಗ್ಗಿದರೂ ಕತ್ತಿಗೆ ಪೆಟ್ಟಾಗದು. ನಾಯಿಗೆ ಓಡಾಟ, ನಿಮ್ಮ ಕೈಗೆ ಹತೋಟಿ.

2. ಕರೆಯಲು ಒಂದೇ ಮಾತು ಇಟ್ಟುಕೊಳ್ಳಿ. ನಮ್ಮಲ್ಲಿ "ಬಾ ಇಲ್ಲಿ". ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಬಯಲಿನಲ್ಲಿ ಅಭ್ಯಾಸ ಮಾಡಿಸಿ. ಬಂದ ಪ್ರತಿ ಸಲವೂ ಬೇಯಿಸಿದ ಮೊಟ್ಟೆಯದೋ ಪನೀರಿನದೋ ಸಣ್ಣ ತುಂಡು ಕೊಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಕೊಡಬೇಡಿ, ನಾಯಿಗೆ ಅವು ವಿಷ.

3. ತಡವಾಗಿ ಬಂದರೂ ಹೊಡೆಯಬೇಡಿ. ಬಂದದ್ದಕ್ಕೇ ಏಟು ಬಿತ್ತೆಂದು ಅದು ತಿಳಿದರೆ ಮುಂದಿನ ಸಲ ಬರುವುದೇ ಇಲ್ಲ.

4. ನಸುಕು, ಮುಸ್ಸಂಜೆ ಕಾಡುಪ್ರಾಣಿಗಳು ಮೇಯುವ ವೇಳೆ. ಆಗ ಕಾಡಂಚು, ಹಳ್ಳ, ಕೆರೆ ಏರಿಯ ಕಡೆ ಹೋಗಬೇಡಿ.

5. ಅಟ್ಟುವ ಚಪಲಕ್ಕೆ ಬೇರೆ ದಾರಿ ಕೊಡಿ. ಚೆಂಡು ಎಸೆದು ತರಿಸಿ, ತಿಂಡಿಯನ್ನು ಹುಲ್ಲಿನಲ್ಲಿ ಚೆಲ್ಲಿ ಮೂಸಿ ಹುಡುಕಿಸಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ.

6. ಚುಚ್ಚುಮದ್ದು ತಪ್ಪಿಸಬೇಡಿ. ಮರಿಗೆ 6ರಿಂದ 8 ವಾರಕ್ಕೆ ಡಿಸ್ಟೆಂಪರ್ ಮುಂತಾದವುಗಳ ಮದ್ದು ಶುರು. ಸುಮಾರು 16 ವಾರ ಆಗುವವರೆಗೆ 3-4 ವಾರಕ್ಕೊಮ್ಮೆ. 3 ತಿಂಗಳಿಗೆ ರೇಬೀಸ್ ಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ.

ಅಕಸ್ಮಾತ್ ಅನಾಹುತ ಆಗಿಯೇಬಿಟ್ಟರೆ? ಮೊದಲು ನಾಯಿಯನ್ನು ಹಿಡಿದು ದೂರ ಒಯ್ಯಿರಿ. ಪ್ರಾಣಿಯ ಸುತ್ತ ಜನ ಸೇರಿಸಬೇಡಿ, ಮುಟ್ಟಬೇಡಿ, ನೀರು ಹಾಲು ಕುಡಿಸಬೇಡಿ, ಮನೆಗೆ ತರಬೇಡಿ. ಅದಕ್ಕೆ ನಮ್ಮ ಕೈ ಪ್ರೀತಿಯ ಕೈಯಲ್ಲ, ಇನ್ನೊಂದು ಬೇಟೆಗಾರನ ಕೈ. ಆ ಸಂಜೆ ನಾವು ಮಾಡಿದ ಎರಡನೆಯ ತಪ್ಪು ಅದು. ಹತ್ತಿರದ ಅರಣ್ಯ ಇಲಾಖೆಯ ಫೋನ್ ನಂಬರನ್ನು ಗ್ಯಾಸಿನವನ ನಂಬರಿನ ಪಕ್ಕದಲ್ಲೇ ಬರೆದಿಟ್ಟುಕೊಂಡಿರಿ. ನಾಯಿಗೆ ಕಚ್ಚಿದ ಗಾಯವಾಗಿದ್ದರೆ ಕೈಗವಸು ಹಾಕಿಕೊಂಡು, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಪಶುವೈದ್ಯರಿಗೆ ತೋರಿಸಿ.

ಜಿಮ್ಮಿಯ ಮೇಲೆ ನಾನು ಸಿಟ್ಟು ಮಾಡಲಿಲ್ಲ. ಅದು ತನ್ನ ಗುಣಕ್ಕೆ ತಕ್ಕಂತೆ ನಡೆಯಿತು. ಸರಪಳಿ ಬಿಚ್ಚಿದವಳು ನಾನು, ನಕ್ಕವಳೂ ನಾನು. ಈಗಲೂ ಸಂಜೆ ನಾಲ್ಕೂವರೆಗೆ ಕಾಫಿಯಾದ ಮೇಲೆ ಮೂವರೂ ಹೊರಡುತ್ತೇವೆ. ಹಗ್ಗ ಹಿಡಿಯುವ ಕೆಲಸ ಮಗಳದು, ಬೇರೆ ಯಾರಿಗೂ ಅವಳು ಬಿಟ್ಟುಕೊಡುವುದಿಲ್ಲ. ಒಮ್ಮೊಮ್ಮೆ ಹಳ್ಳದಾಚೆಯಿಂದ ಕಾಡುಕುರಿ ಬೊಗಳುವುದು ಕೇಳಿಸುತ್ತದೆ. ಜಿಮ್ಮಿಯ ಕಿವಿ ನೆಟ್ಟಗಾಗುತ್ತದೆ. ಮಗಳು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಮೆಲ್ಲಗೆ "ಬಾ ಇಲ್ಲಿ" ಅನ್ನುತ್ತಾಳೆ. ಅದು ಬರುತ್ತದೆ.